ಅರಸರಿಲ್ಲದ ಸಭೆ, ಅರಸರು ಕೇಳಿಸಿದ ಹಾಡು

ರಾಯಚೂರಿನ ಕೋಟೆಯ ಗೋಡೆ ಒಂದೆಡೆ ಕುಸಿದರೆ ಅದೇ ಕಲ್ಲುಗಳನ್ನು ಆಯ್ದು ಮತ್ತೆ ಕಟ್ಟಬಹುದು. ಮಾಸಿದ ಚಿತ್ರಕ್ಕೆ ಬಲ್ಲವರಿಂದ ಮತ್ತೆ ಬಣ್ಣ ತುಂಬಿಸಬಹುದು. ಆದರೆ ಒಮ್ಮೆ ನುಡಿಸಿ ಮುಗಿಸಿದ ಸಂಗೀತ ಕಚೇರಿಯೊಂದನ್ನು ಮತ್ತೆ ಕಟ್ಟಲು ಸಾಧ್ಯವೇ? ಹಾಡಿದವರು ಗತಿಸಿದ್ದಾರೆ, ನುಡಿಸಿದವರು ಗತಿಸಿದ್ದಾರೆ, ಅಂದು ಕುಳಿತು ಕೇಳಿದವರಲ್ಲಿಯೂ ಬಹುಪಾಲು ಜನ ಇಂದಿಲ್ಲ. ನಾದವು ಹುಟ್ಟಿದ ಕ್ಷಣದಲ್ಲಿಯೇ ಗಾಳಿಯಲ್ಲಿ ಕರಗುವ ವಸ್ತು. ಹೀಗಿದ್ದೂ ಮನುಷ್ಯನು ಕಳೆದುಹೋದ ಕಚೇರಿಗಳನ್ನು ಮತ್ತೆ ಕಟ್ಟಲು ಹವಣಿಸುತ್ತಲೇ ಇದ್ದಾನೆ. ಹಳೆಯ ಮುದ್ರಿಕೆಗಳನ್ನು ತಿದ್ದುತ್ತಾನೆ, ಹಳೆಯ ಸ್ವರಲಿಪಿಗಳನ್ನು ತೆರೆದು ಅದೇ ಹಾಡುಗಳನ್ನು ಹೊಸ ಕಂಠಗಳಿಂದ ಹಾಡಿಸುತ್ತಾನೆ. ಅಂತಹ ಒಂದು ಕಚೇರಿಯ ಕಥೆಯನ್ನು ಇಂದು ನಿಮ್ಮೆದುರು ಇಡಲು ಬಯಸುತ್ತೇನೆ. ಅದು ನಡೆದದ್ದು ದೂರದ ಲಂಡನ್ನಿನಲ್ಲಿ. ಆದರೆ ಅದನ್ನು ನಡೆಸಿಕೊಟ್ಟ ಕೈ ಕನ್ನಡ ನಾಡಿನದು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಜಾಲಹಳ್ಳಿಯಲ್ಲಾಗಲಿ, ದೇವದುರ್ಗ, ಮಾನ್ವಿಗಳಲ್ಲಾಗಲಿ ‘ಆರ್ಕೆಸ್ಟ್ರಾ’ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಜಾತ್ರೆಯ ರಾತ್ರಿ ವೇದಿಕೆಯ ಮೇಲೆ ಚಲನಚಿತ್ರ ಗೀತೆಗಳನ್ನು ಹಾಡುವ ರಸಮಂಜರಿ ತಂಡ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆರ್ಕೆಸ್ಟ್ರಾ ಇದಕ್ಕಿಂತ ಬೇರೆ. ಅಲ್ಲಿ ಹಲವು ಹತ್ತು ಜನ ವಾದಕರು ಪಿಟೀಲು, ಕೊಳಲು, ಕಹಳೆ, ನಗಾರಿಗಳನ್ನು ಹಿಡಿದು ಕೂರುತ್ತಾರೆ. ಪ್ರತಿಯೊಬ್ಬರ ಮುಂದೆಯೂ ಬರೆದಿಟ್ಟ ಸ್ವರಲಿಪಿಯಿರುತ್ತದೆ. ಅವರೆಲ್ಲರನ್ನು ಒಬ್ಬ ನಿರ್ದೇಶಕನು ಕೈಸನ್ನೆಯಿಂದಲೇ ನಡೆಸುತ್ತಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಾದ್ಯವೃಂದಗಳು ಬೃಹತ್ತಾಗಿ ಬೆಳೆದವು. ಮನುಷ್ಯನ ಪ್ರೇಮ, ವಿರಹ, ನಿಸರ್ಗದ ಬೆರಗು, ಸಾವಿನ ಭಯ ಎಲ್ಲವನ್ನೂ ನಾದದಲ್ಲಿ ಹೇಳಬೇಕೆಂಬ ಹಂಬಲ ಆ ಕಾಲದ್ದು. ಅದನ್ನೇ ಸಂಗೀತದ ಇತಿಹಾಸಕಾರರು ರಮ್ಯಯುಗವೆಂದು ಕರೆಯುತ್ತಾರೆ. ಆ ಯುಗದ ಕೊನೆಯ ಮಹಾಪುರುಷರಲ್ಲಿ ಒಬ್ಬರು ಜರ್ಮನಿಯ ರಿಚರ್ಡ್ ಸ್ಟ್ರಾಸ್.

ಮುದುಕನೊಬ್ಬನ ಕೊನೆಯ ಹಾಡುಗಳು

ಸ್ಟ್ರಾಸ್ ಹುಟ್ಟಿದ್ದು 1864ರಲ್ಲಿ, ಮ್ಯೂನಿಕ್ ನಗರದಲ್ಲಿ. ತಂದೆ ಫ್ರಾಂಟ್ಸ್ ಸ್ಟ್ರಾಸ್ ಅಲ್ಲಿನ ಆಸ್ಥಾನದ ವಾದ್ಯವೃಂದದಲ್ಲಿ ಹೆಸರಾಂತ ಹಾರ್ನ್ ವಾದಕರು. ಮಗನು ಯೌವನದಲ್ಲಿಯೇ ಕೀರ್ತಿಯ ಶಿಖರವನ್ನೇರಿದನು. ಆದರೆ ದೀರ್ಘಾಯುಸ್ಸು ಅವರಿಗೆ ಕಹಿಯನ್ನೂ ಉಣಿಸಿತು. ನಾತ್ಸಿ ಆಳ್ವಿಕೆಯ ಆರಂಭದಲ್ಲಿ, 1933ರಿಂದ 1935ರವರೆಗೆ, ಅವರು ಸರ್ಕಾರದ ಸಂಗೀತ ಮಂಡಲಿಯ ಅಧ್ಯಕ್ಷರಾಗಿದ್ದರು. ಆ ಕಳಂಕ ಅವರನ್ನು ಬಹುಕಾಲ ಬಿಡಲಿಲ್ಲ. ತಂದೆಯು ಹಾರ್ನ್ ಊದಿದ್ದ ಮ್ಯೂನಿಕ್ಕಿನ ನಾಟಕಶಾಲೆ 1943ರ ಬಾಂಬ್ ದಾಳಿಯಲ್ಲಿ ಉರಿದುಹೋಯಿತು. ಯುದ್ಧ ಮುಗಿದ ಮೇಲೆ ವೃದ್ಧ ದಂಪತಿಗಳು ಸ್ವಿಟ್ಜರ್‌ಲೆಂಡಿನಲ್ಲಿ ಆಶ್ರಯ ಪಡೆದರು. ಅವರ ಪತ್ನಿ ಪೌಲಿನ್ ಒಂದು ಕಾಲಕ್ಕೆ ಸ್ವತಃ ಗಾಯಕಿ. ಪತಿಯ ಎಷ್ಟೋ ಹಾಡುಗಳು ಮೊದಲು ಮೈತಳೆದದ್ದು ಆಕೆಯ ಕಂಠವನ್ನು ಮನಸ್ಸಿನಲ್ಲಿಟ್ಟುಕೊಂಡೇ.

1948ರಲ್ಲಿ, ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಸ್ಟ್ರಾಸ್ ನಾಲ್ಕು ಹಾಡುಗಳನ್ನು ರಚಿಸಿದರು. ‘ಸಂಜೆಗೆಂಪಿನಲ್ಲಿ’ ಎಂಬ ಹಾಡು ಕವಿ ಐಖೆನ್‌ಡೋರ್ಫ್ ಅವರದು. ‘ವಸಂತ’, ‘ನಿದ್ದೆಗೆ ಹೋಗುವಾಗ’, ‘ಸೆಪ್ಟೆಂಬರ್’ ಎಂಬ ಮೂರು ಹಾಡುಗಳು 1946ರ ನೊಬೆಲ್ ಪುರಸ್ಕೃತ ಹರ್ಮನ್ ಹೆಸ್ಸೆ ಅವರ ಕವಿತೆಗಳು. ನಮ್ಮ ಭಾಗದ ಓದುಗರಿಗೆ ಒಂದು ಕಾಕತಾಳೀಯವನ್ನು ಹೇಳಬೇಕು. ಹೈದರಾಬಾದ್ ಸಂಸ್ಥಾನದ ಆಳ್ವಿಕೆಯಿಂದ ರಾಯಚೂರು ಸೀಮೆ ಬಿಡುಗಡೆ ಪಡೆದದ್ದು 1948ರ ಸೆಪ್ಟೆಂಬರ್ 17ರಂದು. ಅದಾದ ಮೂರೇ ದಿನಗಳಿಗೆ, ಸೆಪ್ಟೆಂಬರ್ 20ರಂದು, ಸ್ಟ್ರಾಸ್ ‘ಸೆಪ್ಟೆಂಬರ್’ ಹಾಡನ್ನು ಬರೆದು ಮುಗಿಸಿದರು. ಒಂದೆಡೆ ನಮ್ಮ ಹಿರಿಯರು ಹೊಸ ಕಾಲವೊಂದರ ಬಾಗಿಲಲ್ಲಿ ನಿಂತಿದ್ದಾಗ ಇನ್ನೊಂದೆಡೆ ಈ ಮುದುಕರು ತಮ್ಮ ಕಾಲಕ್ಕೆ ವಿದಾಯ ಹೇಳುತ್ತಿದ್ದರು.

ಆ ವಿದಾಯದಲ್ಲಿ ಗೋಳಾಟವಿಲ್ಲ ಎಂಬುದೇ ಈ ಹಾಡುಗಳ ವಿಶೇಷ. ‘ಸೆಪ್ಟೆಂಬರ್’ ಹಾಡು ಮುಗಿಯುವಾಗ ಹಾರ್ನ್ ವಾದ್ಯವೊಂದು ಮೆಲ್ಲನೆ ಮೊಳಗುತ್ತದೆ. ಹಾರ್ನ್ ವಾದಕರ ಮಗ ತನ್ನ ತಂದೆಯನ್ನು ನೆನೆಯುತ್ತಿರುವಂತೆ ಅದು ಕೇಳುಗರಿಗೆ ತೋರುತ್ತದೆ. ‘ಸಂಜೆಗೆಂಪಿನಲ್ಲಿ’ ಹಾಡು ಜೀವನಪೂರ್ತಿ ಕೈಹಿಡಿದು ನಡೆದು ಬಂದು ದಣಿದ ಗಂಡಹೆಂಡಿರ ಚಿತ್ರ. ಎರಡು ಬಾನಾಡಿಗಳು ಮೇಲೇರುವುದನ್ನು ಕೊಳಲುಗಳು ಅಲೆಯಲೆಯಾಗಿ ನುಡಿಸುತ್ತವೆ. ಕೊನೆಯಲ್ಲಿ ಸಾವನ್ನು ಕುರಿತ ಒಂದು ಪ್ರಶ್ನೆ ಬರುತ್ತದೆ. ಕವಿ ‘ಅದು’ ಎಂದು ಬರೆದಿದ್ದ ಪದವನ್ನು ಸ್ಟ್ರಾಸ್ ‘ಇದು’ ಎಂದು ಬದಲಿಸಿದರು. ದೂರದಲ್ಲಿದ್ದ ಸಾವನ್ನು ಮಗ್ಗುಲಿಗೆ ಕರೆದು ಕೂರಿಸಿಕೊಂಡ ಬದಲಾವಣೆಯದು. ಆ ಪ್ರಶ್ನೆಗೆ ಗಾಯಕಿ ಉತ್ತರ ಕೊಡುವುದಿಲ್ಲ. ತಮ್ಮ ಇಪ್ಪತ್ತೈದರ ಹರೆಯದಲ್ಲಿ ‘ಸಾವು ಮತ್ತು ರೂಪಾಂತರ’ ಎಂಬ ಕೃತಿಗಾಗಿ ತಾವೇ ಕಟ್ಟಿದ್ದ ಒಂದು ರಾಗವನ್ನು ಸ್ಟ್ರಾಸ್ ವಾದ್ಯಗಳಿಂದ ನುಡಿಸಿ ಉತ್ತರವನ್ನು ಕೇಳುಗರಿಗೇ ಬಿಡುತ್ತಾರೆ.

ಈ ಹಾಡುಗಳನ್ನು ನಾರ್ವೆ ದೇಶದ ಖ್ಯಾತ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವರೇ ಮೊದಲು ಹಾಡಬೇಕೆಂಬುದು ಸ್ಟ್ರಾಸ್ ಅವರ ಬಯಕೆಯಾಗಿತ್ತು. ಆದರೆ ಅದನ್ನು ಕೇಳುವ ಭಾಗ್ಯ ಅವರಿಗೆ ಇರಲಿಲ್ಲ. 1949ರ ಸೆಪ್ಟೆಂಬರ್ 8ರಂದು ಅವರು ತೀರಿಕೊಂಡರು. ಹಾಡುಗಳ ಸ್ವರಲಿಪಿ ಪ್ರಕಾಶಕರ ಕೈಯಲ್ಲಿ ಉಳಿಯಿತು. ಅದನ್ನು ಜನರ ಕಿವಿಗೆ ತಲುಪಿಸುವವರು ಬೇಕಿತ್ತು.

ಮೈಸೂರಿನಿಂದ ಚಾಚಿದ ಕೈ

ಇಲ್ಲಿಗೆ ಬರುವವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. 1919ರ ಜುಲೈ 18ರಂದು ಹುಟ್ಟಿದ ಇವರು ಎಳವೆಯಲ್ಲಿಯೇ ಪಿಯಾನೋ ಕಲಿತರು. ಪಿಯಾನೋ ವಾದಕರಾಗಬೇಕೆಂಬ ಆಸೆಯೂ ಅವರಲ್ಲಿತ್ತು. ಆದರೆ 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಹೋದರು. ಇಪ್ಪತ್ತೊಂದರ ತರುಣನ ಹೆಗಲಿಗೆ ರಾಜ್ಯಭಾರ ಬಿತ್ತು. ಸಂಗೀತದ ಒಲವು ಮಾತ್ರ ಆರಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದರು. ಮುಂದೆ ಕರ್ನಾಟಕ ಸಂಗೀತದಲ್ಲಿ ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಒಂದೇ ಎದೆಯಲ್ಲಿ ಎರಡು ಸಂಗೀತ ಪರಂಪರೆಗಳಿಗೆ ಅವರು ಸಮನಾದ ಸ್ಥಳ ಕೊಟ್ಟಿದ್ದರು.

ಅವರ ದಾನದ ಬಗೆಯನ್ನು ಗಮನಿಸಬೇಕು. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ರಚನಕಾರರು ವೃದ್ಧಾಪ್ಯದಲ್ಲಿ ಅನಾರೋಗ್ಯದಿಂದ ಬಳಲುತ್ತ, ಜನರ ನೆನಪಿನಿಂದ ಮರೆಯಾಗುತ್ತಿದ್ದರು. ಅವರ ಕೃತಿಗಳು ಅವರದೇ ಕೈಯಿಂದ ಮುದ್ರಿತವಾಗಲೆಂದು ಒಡೆಯರು ಹಣಕೊಟ್ಟು ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿದರು. ಮೆಟ್ನರ್ 1951ರಲ್ಲಿ ನಿಧನರಾದರು. ಇಂದು ನಾವು ಅವರ ವಾದನವನ್ನೇ ಕೇಳಬಲ್ಲೆವಾದರೆ ಅದಕ್ಕೆ ಬಹುಮಟ್ಟಿಗೆ ಮೈಸೂರಿನ ನೆರವೇ ಕಾರಣ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಂಚೆರ್ಟೊ ಕೃತಿಯನ್ನು ಒಡೆಯರಿಗೆ ಅರ್ಪಿಸಿದ್ದಾರೆ. 1945ರಲ್ಲಿ ವಾಲ್ಟರ್ ಲೆಗ್ ಅವರು ಕಟ್ಟಿದ್ದ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೂ ಒಡೆಯರು ಆಸರೆಯಾದರು. ಅದರ ಕಚೇರಿಗಳನ್ನು ನಡೆಸುವ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷರು.

ಸ್ಟ್ರಾಸ್ ಅವರ ಕೊನೆಯ ಹಾಡುಗಳ ಮೊದಲ ಕಚೇರಿಗಾಗಿ ಒಡೆಯರು 4,800 ಡಾಲರುಗಳ ಖಾತರಿ ನೀಡಿದರು. ಅಂದಿನ ವಿನಿಮಯದ ದರದಲ್ಲಿ ಅದು ಸುಮಾರು 23 ಸಾವಿರ ರೂಪಾಯಿ. ಕಚೇರಿಯನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಿಕೊಡಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಆ ವೇಳೆಗಾಗಲೇ ಅವರ ಬಳಿ ಸುಮಾರು 20 ಸಾವಿರ ಗ್ರಾಮಫೋನ್ ತಟ್ಟೆಗಳಿದ್ದವೆಂದು ಅಂದಾಜು. 1950ರ ಆ ದಿನಗಳಲ್ಲಿ ಅವರು ಆಳುವ ದೊರೆಯಾಗಿ ಉಳಿದಿರಲಿಲ್ಲ. ಭಾರತ ಗಣರಾಜ್ಯವಾಗಿತ್ತು, ಅವರು ಮೈಸೂರು ರಾಜ್ಯದ ರಾಜಪ್ರಮುಖರಾಗಿದ್ದರು. ರಾಜ್ಯವನ್ನು ಪ್ರಜೆಗಳಿಗೆ ಒಪ್ಪಿಸಿದ ಮೇಲೆಯೂ ಕೊಡುವ ಕೈ ಮುಚ್ಚಲಿಲ್ಲ.

1950ರ ಮೇ 22ರ ಸಂಜೆ

ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ 1871ರಲ್ಲಿ ತೆರೆದ, ಸಾವಿರಾರು ಜನ ಕೂರಬಲ್ಲ ಗುಮ್ಮಟದ ಸಭಾಂಗಣ. ಅಂದು ವೇದಿಕೆಯ ಮೇಲೆ ಫಿಲ್ಹಾರ್ಮೋನಿಯಾ ವಾದ್ಯವೃಂದವಿತ್ತು. ನಿರ್ದೇಶಕರು ಜರ್ಮನಿಯ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಗಾಯಕಿ, ಸ್ಟ್ರಾಸ್ ಬಯಸಿದ್ದಂತೆಯೇ, ಐವತ್ತನಾಲ್ಕು ವರ್ಷದ ಫ್ಲಾಗ್‌ಸ್ಟಾಡ್. ಸ್ಟ್ರಾಸ್ ಅವರ ಹಾಡುಗಳ ಜೊತೆಗೆ ವಾಗ್ನರ್ ಅವರ ಸಂಗೀತನಾಟಕಗಳ ಭಾಗಗಳೂ ಅಂದಿನ ಕಾರ್ಯಕ್ರಮದಲ್ಲಿದ್ದವು.

ಪ್ರಿಯ ಓದುಗರೇ, ಆ ಸಭೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಹತ್ತು ವರ್ಷಗಳ ಹಿಂದೆ ಜರ್ಮನಿಯ ವಿಮಾನಗಳು ಇದೇ ಲಂಡನ್ನಿನ ಮೇಲೆ ಬಾಂಬಿನ ಮಳೆಗರೆದಿದ್ದವು. ಯುದ್ಧ ಮುಗಿದು ಐದು ವರ್ಷಗಳಷ್ಟೇ ಆಗಿದ್ದವು. ಕೇಳುಗರಲ್ಲಿ ಮಗನನ್ನೋ ಪತಿಯನ್ನೋ ಮನೆಯನ್ನೋ ಕಳೆದುಕೊಂಡವರು ಇರದೆ ಇರಲು ಸಾಧ್ಯವಿಲ್ಲ. ಅವರ ಮುಂದೆ ನಿಂತವರು ಯಾರು? ಹಿಟ್ಲರನ ಕಾಲದಲ್ಲಿ ಜರ್ಮನಿಯಲ್ಲಿಯೇ ಉಳಿದು ಕಚೇರಿ ನಡೆಸಿ, ಯುದ್ಧಾನಂತರ ವಿಚಾರಣೆಯನ್ನೆದುರಿಸಿ ಬಂದ ಫುರ್ಟ್‌ವೆಂಗ್ಲರ್. 1941ರಲ್ಲಿ ಅಮೆರಿಕವನ್ನು ಬಿಟ್ಟು ಶತ್ರುಗಳು ಆಕ್ರಮಿಸಿದ್ದ ತನ್ನ ನಾಡಿಗೆ ಪತಿಯ ಬಳಿ ಮರಳಿದ್ದಕ್ಕಾಗಿ ಕಟು ಟೀಕೆಗೆ ಗುರಿಯಾಗಿದ್ದ ಫ್ಲಾಗ್‌ಸ್ಟಾಡ್. ಸ್ವರಗಳನ್ನು ಬರೆದವರು ಸ್ಟ್ರಾಸ್. ನುಡಿಸಿದವರು ಬಾಂಬಿನ ದಿನಗಳನ್ನು ಬದುಕಿ ಕಂಡ ಆಂಗ್ಲ ವಾದಕರು. ಹಣದ ಹೊಣೆ ಹೊತ್ತವರು ಎರಡೂ ಕಡೆಯವರಲ್ಲದ, ಬ್ರಿಟಿಷರ ಅಧೀನದಿಂದ ಮೂರು ವರ್ಷಗಳ ಹಿಂದಷ್ಟೇ ಬಿಡುಗಡೆ ಪಡೆದಿದ್ದ ದೇಶದ ಒಬ್ಬ ಅರಸರು. ಆ ಸಂಜೆ ಯುದ್ಧದ ಲೆಕ್ಕ ಚುಕ್ತಾ ಆಯಿತೆಂದು ಯಾರೂ ಹೇಳಲಾರರು. ಗಾಯಗಳು ಹಾಡಿನಿಂದ ಒಮ್ಮೆಗೇ ಮಾಯುವುದಿಲ್ಲ. ಆದರೆ ಒಬ್ಬರನ್ನೊಬ್ಬರು ಕ್ಷಮಿಸಲು ಇನ್ನೂ ಕಲಿಯದವರು ಒಂದೇ ಮಾಡಿನ ಕೆಳಗೆ ಕುಳಿತು, ವೃದ್ಧ ದಂಪತಿಗಳ ಸಂಜೆಯ ನಡಿಗೆಯನ್ನು ಮೌನವಾಗಿ ಕೇಳಿದರು. ಕ್ಷಮೆಯ ದಾರಿ ಎಷ್ಟೋ ಸಲ ಆರಂಭವಾಗುವುದು ಹೀಗೆ ಒಟ್ಟಿಗೆ ಕೂರುವುದರಿಂದಲೇ ಅಲ್ಲವೇ?

ಆ ಸಭೆಯಲ್ಲಿ ಮುಖ್ಯವಾಗಿ ಇರಬೇಕಾಗಿದ್ದ ಮೂವರು ಇರಲಿಲ್ಲ. ಹಾಡು ಕಟ್ಟಿದ ಸ್ಟ್ರಾಸ್ ಎಂಟು ತಿಂಗಳ ಹಿಂದೆಯೇ ಮಣ್ಣು ಸೇರಿದ್ದರು. ಆ ಹಾಡುಗಳ ಹಿಂದಿನ ಒಲವಾಗಿದ್ದ ಪೌಲಿನ್, ಕಚೇರಿಗೆ ಒಂಬತ್ತೇ ದಿನ ಉಳಿದಿರುವಾಗ, ಮೇ 13ರಂದು ಕಣ್ಣುಮುಚ್ಚಿದರು. ಖಾತರಿ ನೀಡಿದ ಒಡೆಯರಿಗೆ ಲಂಡನ್ನಿಗೆ ಬರಲಾಗಲಿಲ್ಲ. ಈ ಮೂವರಿಗೂ ದಕ್ಕದ ಕಚೇರಿ ಅಲ್ಲಿ ನೆರೆದಿದ್ದ ಸಾವಿರಾರು ಅಪರಿಚಿತರಿಗೆ ದಕ್ಕಿತು.

ಸವೆದ ತಟ್ಟೆಗಳಿಂದ ಮರಳಿ ಬಂದ ನಾದ

ಅಂದಿನ ಕಚೇರಿಯನ್ನು ಅಸಿಟೇಟ್ ತಟ್ಟೆಗಳ ಮೇಲೆ ಮುದ್ರಿಸಿಕೊಳ್ಳಲಾಯಿತು. ಲೋಹದ ಫಲಕಕ್ಕೆ ಮೆತುವಾದ ಲೇಪ ಹಚ್ಚಿ, ಅದರ ಮೇಲೆ ಸೂಜಿಯಿಂದ ನಾದದ ಗೆರೆಗಳನ್ನು ಕೊರೆಯುವ ವಿಧಾನವಿದು. ಮೆತುವಾದ ಲೇಪವಾದ್ದರಿಂದ ಪ್ರತಿಸಲ ಕೇಳಿದಾಗಲೂ ಸೂಜಿಯು ಗೆರೆಗಳನ್ನು ಇಷ್ಟಿಷ್ಟಾಗಿ ಸವೆಸುತ್ತದೆ. ಪ್ರೀತಿಯಿಂದ ಮತ್ತೆ ಮತ್ತೆ ಕೇಳಿದಷ್ಟೂ ಅದು ಬೇಗ ಹಾಳಾಗುತ್ತದೆ. ಈ ತಟ್ಟೆಗಳಿಗೂ ಅದೇ ಗತಿಯಾಯಿತು. ಅವುಗಳಿಂದ ಮೊದಲು ಎಲ್‌ಪಿ ತಟ್ಟೆ ಮಾಡುವ ಹೊತ್ತಿಗೆ ಗೆರೆಗಳು ಬಹಳ ಸವೆದಿದ್ದವು. ಹೊರಬಂದ ಧ್ವನಿಯನ್ನು ಅನೇಕರು ತೀರ ಕಳಪೆಯೆಂದೇ ಬಗೆದರು.

ಆದರೂ ಕೆಲವರು ಕೈಬಿಡಲಿಲ್ಲ. ಕಂಪ್ಯೂಟರಿನ ನೆರವಿನಿಂದ ಗರಗರ ಸದ್ದನ್ನು ಬೇರ್ಪಡಿಸಿ ಕಂಠವನ್ನು ಉಳಿಸುವ ತಂತ್ರ ಬಂದ ಮೇಲೆ, 2007ರಲ್ಲಿ ರೋಜರ್ ಬಿಯರ್ಡ್ಸ್‌ಲಿ ಅವರು ಬ್ರಿಟನ್ನಿನ ವಾಗ್ನರ್ ಸೊಸೈಟಿಗಾಗಿ ಅದನ್ನು ಶುದ್ಧಗೊಳಿಸಿದರು. 2014ರಲ್ಲಿ ಆಂಡ್ರ್ಯೂ ರೋಸ್ ಅವರು ಅದೇ ಕೆಲಸವನ್ನು ಇನ್ನೊಮ್ಮೆ ಮಾಡಿದರು. ಮಣ್ಣಿನಿಂದ ತೆಗೆದ ಹಳೆಯ ಪಾತ್ರೆಯನ್ನು ಚೂರು ಚೂರಾಗಿ ಜೋಡಿಸುವ ತಾಳ್ಮೆ ಇದಕ್ಕೆ ಬೇಕು. ಹೊಸ ಸ್ವರವೊಂದನ್ನೂ ಸೇರಿಸುವಂತಿಲ್ಲ, ಇದ್ದ ಸ್ವರವೊಂದನ್ನೂ ಕಳೆಯುವಂತಿಲ್ಲ. 2019ರಲ್ಲಿ ಒಡೆಯರ ಜನ್ಮಶತಮಾನೋತ್ಸವದ ವರ್ಷ ಬಂದಾಗ ಫಿಲ್ಹಾರ್ಮೋನಿಯಾ ವಾದ್ಯವೃಂದವು ಲಂಡನ್ನಿನಲ್ಲಿ ತನ್ನ ಹಳೆಯ ಆಶ್ರಯದಾತರನ್ನು ಸಂಗೀತದ ಮೂಲಕವೇ ಸ್ಮರಿಸಿತು.

ಆ ಸಂಜೆಯನ್ನು ಇದ್ದಂತೆಯೇ ಮತ್ತೆ ಕಟ್ಟಬೇಕೆಂದು ಯಾರಾದರೂ ಹೊರಟರೆ ಮೊದಲ ಹೆಜ್ಜೆಯಲ್ಲಿಯೇ ಪ್ರಶ್ನೆ ಏಳುತ್ತದೆ. ಅಂದು ಫ್ಲಾಗ್‌ಸ್ಟಾಡ್ ಮೊದಲು ಹಾಡಿದ್ದು ‘ನಿದ್ದೆಗೆ ಹೋಗುವಾಗ’. ಬಳಿಕ ‘ಸೆಪ್ಟೆಂಬರ್’, ಆಮೇಲೆ ‘ವಸಂತ’, ಕೊನೆಗೆ ‘ಸಂಜೆಗೆಂಪಿನಲ್ಲಿ’. ಇಂದು ಲೋಕವೆಲ್ಲ ಹಾಡುವ ಕ್ರಮ ಬೇರೆ. ಅದು ‘ವಸಂತ’ದಿಂದ ಆರಂಭವಾಗುತ್ತದೆ. ಈ ಕ್ರಮವನ್ನೂ ‘ನಾಲ್ಕು ಕೊನೆಯ ಹಾಡುಗಳು’ ಎಂಬ ಹೆಸರನ್ನೂ ಕೊಟ್ಟವರು ಪ್ರಕಾಶಕರಾದ ಅರ್ನ್‌ಸ್ಟ್ ರೋಟ್, ಸ್ಟ್ರಾಸ್ ಅಲ್ಲ. ಅವು ನಿಜಕ್ಕೂ ಕೊನೆಯವೂ ಅಲ್ಲ. 1948ರ ನವೆಂಬರಿನಲ್ಲಿ ಸ್ಟ್ರಾಸ್ ಇನ್ನೊಂದು ಹಾಡನ್ನು ಬರೆದು ಮಾರಿಯಾ ಯೆರಿಟ್ಸಾ ಎಂಬ ಗಾಯಕಿಗೆ ಕೊಟ್ಟಿದ್ದರು. ಆಕೆ ಅದನ್ನು ತನ್ನಲ್ಲಿಯೇ ಇಟ್ಟುಕೊಂಡಿದ್ದಳು. 1982ರಲ್ಲಿ ಆಕೆ ತೀರಿಕೊಂಡ ಮೇಲೆ ಹೊರಬಂದ ಆ ಹಾಡನ್ನು 1985ರಲ್ಲಿ ಮೊದಲ ಸಲ ಜನರೆದುರು ಹಾಡಲಾಯಿತು.

ಹಾಗಾದರೆ ಯಾವುದನ್ನು ಮತ್ತೆ ಕಟ್ಟಬೇಕು? ಹಾಡುಗಳ ಕ್ರಮವನ್ನು ಅನುಸರಿಸಬಹುದು, ಅಷ್ಟೇ ವಾದ್ಯಗಳನ್ನು ಕೂರಿಸಬಹುದು, ಅದೇ ಸಭಾಂಗಣವನ್ನು ಬಾಡಿಗೆಗೆ ಪಡೆಯಬಹುದು. ಒಂಬತ್ತು ದಿನಗಳ ಹಿಂದೆ ಪೌಲಿನ್ ತೀರಿಕೊಂಡ ಸುದ್ದಿಯನ್ನು, ಸಭೆಯೊಳಗಿನ ಯುದ್ಧದ ನೋವನ್ನು ತರಲಾಗದು. ಆ ಸಂಜೆಯಿಂದ ನಾವು ಮತ್ತೆ ಮಾಡಬಹುದಾದದ್ದು ಒಂದಿದೆ. ಅದು ಒಡೆಯರು ಮಾಡಿದ ಕೆಲಸ. ತಾನು ಇರದ ಸಭೆಗೆ ತಾನು ಕೊಡುವುದು, ಇತರರು ಕೇಳಲೆಂದು ಹೊಣೆ ಹೊರುವುದು, ಕೇಳಿದ್ದು ಅಳಿಯದಂತೆ ಮುದ್ರಿಸಿಡಲು ಹೇಳುವುದು. ಅವರು ಬೇಡಿದ ಆ ಮುದ್ರಿಕೆ ಇಲ್ಲದಿದ್ದರೆ ಮುಂದಿನವರ ತಾಳ್ಮೆಗೆ ಕೆಲಸವೇ ಇರುತ್ತಿರಲಿಲ್ಲ.

ನಮ್ಮ ಮನೆಯ ತಟ್ಟೆಗಳು

ಇದು ದೊರೆಗಳ ಕಥೆ, ನಮಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. 1950ರಲ್ಲಿ ಜಾಲಹಳ್ಳಿ ಮೈಸೂರಿಗೆ ಸೇರಿರಲಿಲ್ಲ, ಅದು ಹೈದರಾಬಾದ್ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಬಂದಿತು. ಅದರ ಮೊದಲ ರಾಜ್ಯಪಾಲರು ಇದೇ ಜಯಚಾಮರಾಜೇಂದ್ರ ಒಡೆಯರು. 1964ರವರೆಗೆ ಅವರು ಆ ಹುದ್ದೆಯಲ್ಲಿದ್ದರು. ನಮ್ಮ ಅಜ್ಜ ಅಜ್ಜಿಯರಿಗೆ ಅವರು ಪರರಾಜ್ಯದ ಅರಸರಾಗಿ ಉಳಿಯದೆ ತಮ್ಮದೇ ರಾಜ್ಯದ ಹಿರಿಯರಾದರು.

ಅದಕ್ಕಿಂತಲೂ ಹತ್ತಿರದ ಸಂಬಂಧವೊಂದಿದೆ. ಕೃಷ್ಣೆಯ ದಡದ ನಮ್ಮ ಊರುಗಳಲ್ಲಿ ಸಂಗೀತದ ದೊಡ್ಡ ಭಂಡಾರವಿದೆ. ಬೀಸುವಾಗ, ಕುಟ್ಟುವಾಗ ಹಾಡುವ ಪದಗಳು, ಮದುವೆಯ ಸೋಬಾನೆಗಳು, ಏಕತಾರಿ ಹಿಡಿದ ತತ್ವಪದಕಾರರ ಪದಗಳು, ಮೊಹರಮ್ಮಿನ ರಿವಾಯತ್ ಪದಗಳು ಅದರಲ್ಲಿವೆ. ನಮ್ಮ ಧರ್ಮಕೇಂದ್ರಗಳಲ್ಲಿ ಹಾರ್ಮೋನಿಯಮ್ಮು ತಬಲಗಳೊಂದಿಗೆ ಹಿಂದಿನ ಗಾನವೃಂದದವರು ಹಾಡುತ್ತಿದ್ದ ಧಾಟಿಗಳೂ ಅದರಲ್ಲಿ ಸೇರಿವೆ. ಇವುಗಳಲ್ಲಿ ಎಷ್ಟಕ್ಕೆ ಸ್ವರಲಿಪಿ ಇದೆ? ಬಹುಪಾಲು ಅವು ಇರುವುದು ವಯಸ್ಸಾದವರ ಕಂಠದಲ್ಲಿ ಮಾತ್ರ. ಸ್ಟ್ರಾಸ್ ಅವರ ಹಾಡುಗಳು ಒಬ್ಬರ ಸಾವಿನಿಂದ ಅಳಿಯಲಿಲ್ಲ, ಏಕೆಂದರೆ ಅವು ಕಾಗದದ ಮೇಲಿದ್ದವು. ನಮ್ಮ ಓಣಿಯ ಅಜ್ಜಿಯೊಬ್ಬರು ತೀರಿಕೊಂಡರೆ ಅವರ ಜೊತೆಗೆ ನೂರು ಹಾಡುಗಳು ಹೋಗುತ್ತವೆ. ಮಣ್ಣು ಕೊಟ್ಟು ಬಂದ ಮೇಲೆ ಅವನ್ನು ಯಾವ ತಂತ್ರವೂ ಮರಳಿ ತರಲಾರದು.

ಇಂದು ಮನೆಮನೆಯಲ್ಲಿ ಮೊಬೈಲ್ ಫೋನ್ ಇದೆ. ಒಡೆಯರು ಸಾವಿರಾರು ಡಾಲರ್ ಕೊಟ್ಟು ಮಾಡಿಸಿದ್ದನ್ನು ನಮ್ಮ ಮಕ್ಕಳು ಖರ್ಚಿಲ್ಲದೆ ಮಾಡಬಲ್ಲರು. ಒಂದು ಭಾನುವಾರ ಮಧ್ಯಾಹ್ನ ಮನೆಯ ಹಿರಿಯರ ಬಳಿ ಕುಳಿತು, ಅವರು ಬಲ್ಲ ಹಾಡನ್ನು ಪೂರ್ತಿಯಾಗಿ ಹಾಡಿಸಿ ಮುದ್ರಿಸಿಕೊಳ್ಳಿ. ಹಾಡಿದವರ ಹೆಸರು, ಊರು, ದಿನಾಂಕ, ಯಾರಿಂದ ಕಲಿತರೆಂಬುದನ್ನು ಬರೆದಿಡಿ. ಪೆಟ್ಟಿಗೆಯಲ್ಲಿ ಬಿದ್ದಿರುವ ಹಳೆಯ ಕ್ಯಾಸೆಟ್ಟುಗಳಿದ್ದರೆ ಎಸೆಯಬೇಡಿ. ಅವುಗಳ ನಾಡವೂ ತೇವಕ್ಕೆ, ಧೂಳಿಗೆ ಹಾಳಾಗುತ್ತಿದೆ. ಬಲ್ಲವರಿಂದ ಬೇಗ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಒಂದಕ್ಕಿಂತ ಹೆಚ್ಚು ಕಡೆ ಪ್ರತಿ ಇಡಿ. ಮುದ್ರಿಸಿ ಇಟ್ಟರಷ್ಟೇ ಸಾಲದು. ಗಾನವೃಂದದ ಎಳೆಯರು ಅದನ್ನು ಕೇಳಿ, ಕಲಿತು, ತಮ್ಮ ಕಂಠದಿಂದ ಮತ್ತೆ ಹಾಡಬೇಕು. ಅವರು ಹಾಡುವಾಗ ಧಾಟಿ ಸ್ವಲ್ಪ ಬದಲಾದೀತು, ಆಗಲಿ. 1950ರಲ್ಲಿ ಕೇಳಿದ ಕ್ರಮವನ್ನೇ ಬದಲಿಸಿಯೂ ಲೋಕವು ಸ್ಟ್ರಾಸ್ ಅವರ ಹಾಡುಗಳನ್ನು ಪ್ರೀತಿಯಿಂದ ಹಾಡುತ್ತಲೇ ಬಂದಿದೆ.

ಅಂದು ಲಂಡನ್ನಿನ ಸಭೆಯಲ್ಲಿ ಒಡೆಯರಿಗೆ ಸಲ್ಲಬೇಕಾದ ಕುರ್ಚಿ ಬರಿದಾಗಿತ್ತು. ಮುಂದೆಂದೋ ನಮ್ಮ ಮೊಮ್ಮಕ್ಕಳು ಜಾಲಹಳ್ಳಿಯ ಹಳೆಯ ಹಾಡೊಂದನ್ನು ಹಾಡುವ ಹೊತ್ತಿನಲ್ಲಿ ನಮ್ಮ ಕುರ್ಚಿಯೂ ಬರಿದಾಗಿರುತ್ತದೆ. ಆ ದಿನ ಅವರಿಗೆ ಹಾಡಲು ಹಾಡೊಂದು ಉಳಿದಿರುವಂತೆ ನೋಡಿಕೊಳ್ಳುವುದು ಇಂದು ಬದುಕಿರುವ ನಮ್ಮ ಹೊಣೆ.